ಸಪ್ಪಳಕ್ಕೆ ಮನೆ ಹುಡುಕುತ್ತಿದ್ದವನು

ಅವನು ಯಾರನ್ನೂ ಕ್ಷಮಿಸಿದವನಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹೋದ ತಿಂಗಳು ಆಳಂದದಲ್ಲಿ ಅವನ ಫೋಟೋಕ್ಕೆ ಹಾರ ಹಾಕಿ ಕೂತ ಮಂದಿ ಒಬ್ಬರಾದ ಮೇಲೊಬ್ಬರು ಎದ್ದು, ಶಾಂತ ಸ್ವಭಾವದವರು, ಎಲ್ಲರನ್ನೂ ಕ್ಷಮಿಸಿದವರು, ಇರುವೆಗೂ ನೋವು ಮಾಡದವರು ಎಂದು ಹೊಗಳಿದರು. ಮೋಟಾರ್ ಸಾಹುಕಾರನ ಮೊಮ್ಮಗನೂ ಎದ್ದ. “ನಮ್ಮ ಮುತ್ಯಾನ ಕಾರಿನ ರೇಡಿಯೋ ಹಾಡುವಂಗ ಮಾಡಿದವರು ಇವರೇ ನೋಡ್ರಿ. ನಮ್ಮ ಮನಿ ಮನುಷ್ಯಾ ಇದ್ದಂಗ ಇದ್ರು” ಎಂದು ಕಣ್ಣು ಒರೆಸಿಕೊಂಡ. ನಾನು ಹಿಂದೆ ಚಾಪೆಯ ಮೇಲೆ ಕೂತಿದ್ದೆ. ಎದ್ದು ನಾಲ್ಕು ಮಾತು ಆಡೋಣವೆಂದರೆ ಮೊಣಕಾಲು ಏಳಗೊಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಶಾಲೆಯ ಮುಖ ನೋಡಿದವಳಲ್ಲ. ಅಕ್ಷರ ಕಲಿತದ್ದು ಮಕ್ಕಳ ಪಾಟಿ ನೋಡಿ. ಅಕ್ಷರ ತಪ್ಪಿರಬಹುದು, ಸಂಗತಿ ತಪ್ಪಿಲ್ಲ.

ಅವನ ಮನೆ ನಮ್ಮ ಮನೆಗೆ ಹತ್ತಿಕೊಂಡೇ ಇತ್ತು. ನಡುವೆ ಒಂದೇ ಗೋಡೆ. ನಾನು ಮದುವೆಯಾಗಿ ಆ ಓಣಿಗೆ ಬಂದಾಗ ಅವನು ಇರಲಿಲ್ಲ, ಎರಡನೇ ದೊಡ್ಡ ಲಡಾಯಿಗೆ ಹೋಗಿದ್ದ. ಅವನ ತಾಯಿ ಒಬ್ಬಳೇ ಇದ್ದಳು. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ಅವಳು ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಅದಕ್ಕೂ ಮುಂಚೆ ನನ್ನ ರೊಟ್ಟಿ ನೋಡಿ, “ಇದೇನಬೇ, ರೊಟ್ಟಿ ಮಾಡೀಯೋ ಭೀಮಾ ನದಿ ನಕಾಶಿ ಮಾಡೀಯೋ” ಎಂದು ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಅಂಥ ಬಾಯಿ. ಮಗನಿಗೂ ಅದೇ ಬಾಯಿ ಬಂದಿತ್ತು, ಆದರೆ ಅವನು ಅದನ್ನು ಮುಚ್ಚಿಕೊಂಡಿರುತ್ತಿದ್ದ. ತೆಗೆದ ದಿನ ಎದುರಿನವನ ಗತಿ ಮುಗಿಯಿತು.

ಲಡಾಯಿಯಲ್ಲಿ ಅವನು ಬಂದೂಕು ಹಿಡಿದವನಲ್ಲ. ಲಾರಿಯಲ್ಲಿ ಕೂಡಿಸಿದ ವೈರ್‌ಲೆಸ್ ನೋಡಿಕೊಳ್ಳುವ ಕೆಲಸ. ಮೋಟಾರಿನಲ್ಲಿ ರೇಡಿಯೋ ಕೂಡಿಸುವುದು ದೊಡ್ಡದಲ್ಲವಂತೆ, ಮೋಟಾರ್ ಚಾಲೂ ಇರುವಾಗ ಅದು ಕೇಳುವಂತೆ ಮಾಡುವುದೇ ಕೆಲಸವಂತೆ. ಒಮ್ಮೆ ನನಗೆ ತಿಳಿಸಿ ಹೇಳಿದ್ದ. ಎಂಜಿನ್ನಿನ ಒಳಗೆ ಪ್ಲಗ್ಗುಗಳಲ್ಲಿ ಕಿಡಿ ಹಾರುತ್ತಿರುತ್ತದೆ. ಒಂದೊಂದು ಕಿಡಿಯೂ ಗಾಳಿಯಲ್ಲಿ ಕೂಗು ಹಾಕುತ್ತದೆ. ನಮ್ಮ ಕಿವಿಗೆ ಅದು ಕೇಳುವುದಿಲ್ಲ, ರೇಡಿಯೋದ ಕಿವಿಗೆ ಕೇಳುತ್ತದೆ. ದೂರದಿಂದ ಬರುವ ಹಾಡು ಸಣ್ಣದು, ಮಗ್ಗುಲಿನ ಕೂಗು ದೊಡ್ಡದು. ಹಾಗಾಗಿ ಹಾಡು ಸಾಯುತ್ತದೆ. “ತಿಳೀತಿಲ್ಲ ತಂಗಿ? ನೀ ಅಡಿಗಿ ಮನ್ಯಾಗ ಹಾಡು ಹೇಳಾಕತ್ತಿದ್ರ ನಿಮ್ಮತ್ತಿ ನಿನ್ನ ಕಿವ್ಯಾಗ ಬೈದಂಗ.” ಅವತ್ತೇ ತಿಳಿಯಿತು.

ಅವನ ಮಾತು ಒಂದಿತ್ತು: “ಸಪ್ಪಳಕ್ಕ ಒಂದು ಮನಿ ಇರ್ತದ. ಆ ಮನಿಗೆ ಹೋಗಿ ಬಾಗಲಾ ಹಾಕಬೇಕು. ಬೀದ್ಯಾಗ ನಿಂತು ಒದರಿದ್ರ ಏನೂ ಆಗಂಗಿಲ್ಲ.” ಬೇರೆ ಮಿಸ್ತ್ರಿಗಳು ರೇಡಿಯೋ ಬಿಚ್ಚುತ್ತಿದ್ದರು. ಇವನು ರೇಡಿಯೋ ಮುಟ್ಟುತ್ತಲೇ ಇರಲಿಲ್ಲ. ಬಾನೆಟ್ ಎತ್ತಿ, ಎಡಗಿವಿ ವಾಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಟಕಟಕ ಎಂದು ಎಂಜಿನ್ನಿನ ಜೊತೆ ಓಡುವ ಸಪ್ಪಳ ಪ್ಲಗ್ಗಿನದು. ಎಂಜಿನ್ ಜೋರಾದ ಹಾಗೆ ನಾಯಿಮರಿಯಂತೆ ಕುಂಯ್ ಎಂದು ಏರುವುದು ಡೈನಮೋದ್ದು. ಪ್ಲಗ್ಗಿನ ವೈರಿಗೆ ಒಂದೊಂದು ಕರಿ ಗುಂಡಿಯಂಥದ್ದು ಸಿಕ್ಕಿಸುತ್ತಿದ್ದ, ಡೈನಮೋಕ್ಕೆ ಕಂಡೆನ್ಸರ್ ಎಂಬ ಸಣ್ಣ ಡಬ್ಬಿ ಕಟ್ಟುತ್ತಿದ್ದ. ಮೋಟಾರಿನ ಮೈಗೆ ತಂತಿ ಬಿಗಿಯುವ ಕಡೆ ಬಣ್ಣ ಕೆರೆದು ಕೆರೆದು ಬರಿ ಕಬ್ಬಿಣ ಕಾಣುವವರೆಗೆ ಬಿಡುತ್ತಿರಲಿಲ್ಲ. ಹೊಸ ಬಣ್ಣ ಕೆರೆದರೆ ಮಾಲಕರ ಹೊಟ್ಟೆ ಉರಿಯುತ್ತಿತ್ತು. ಇವನಿಗೆ ಅದು ಬಹಳ ಸೇರುತ್ತಿತ್ತು.

ಸೇಡು ಇಟ್ಟುಕೊಳ್ಳುವುದರಲ್ಲೂ ಹೀಗೇ. ಎದುರು ಮನೆಯ ಹೆಂಗಸು ಒಮ್ಮೆ ದೊಡ್ಡವ್ವನಿಗೆ ಒಲೆಗೆ ಕೆಂಡ ಕೊಡಲಿಲ್ಲವೆಂಬುದು ಅವನಿಗೆ ಚಿಕ್ಕಂದಿನಿಂದ ನೆನಪಿತ್ತು. ಅವನು ಲಡಾಯಿಯಿಂದ ಬಂದ ಮೇಲೆ ಆ ಹೆಂಗಸೇ ಕೆಂಡ ಕೇಳಲು ಬಂದಳು. ಕೊಟ್ಟ. ಚಿಮಟದಿಂದ ಎತ್ತಿ, ತಾನೇ ಅವಳ ಒಲೆಯ ತನಕ ಒಯ್ದು ಇಟ್ಟು, “ಹಿಂಗ ಕೊಡಬೇಕ್ರಿ ಕೆಂಡ. ನಮ್ಮವ್ವಗ ನೀವು ಕೊಡಲಿಲ್ಲ, ಅದಕ್ಕ ತೋರಸಾಕ ಬಂದೆ” ಎಂದು ಹೇಳಿ ಬಂದ. ಆ ಹೆಂಗಸು ಎರಡು ದಿನ ಒಲೆ ಹಚ್ಚಲಿಲ್ಲ.

ನನ್ನ ಮೇಲೂ ಒಮ್ಮೆ ಮುನಿದ. ತಾಮ್ರದ ಎಳೆಗಳಿಂದ ಹೆಣೆದ ಜಾಲರಿಯೊಂದನ್ನು ಲಾಡಿಯ ಹಾಗೆ ಗೋಡೆಗೆ ತೂಗುಹಾಕಿದ್ದ. ಸಪ್ಪಳ ನುಗ್ಗದಂತೆ ರೇಡಿಯೋದ ವೈರಿನ ಮೇಲೆ ತೊಡಿಸುವ ಅಂಗಿ ಅದು. ನನಗೇನು ಗೊತ್ತು? ಸೀದುಹೋದ ಬೋಗುಣಿ ತಿಕ್ಕಲು ಚಲೋ ಅದ ಎಂದು ತಂದು ತಿಕ್ಕಿದೆ. ಬೋಗುಣಿ ಫಳಫಳ ಆಯಿತು. ಅವನು ಮಳೆಗಾಲ ಬರುವ ತನಕ ನನ್ನ ಜೊತೆ ಮಾತು ಬಿಟ್ಟ. ಮಾತು ಬಿಟ್ಟರೂ ಮಧ್ಯಾಹ್ನದ ರೊಟ್ಟಿ ಮಾತ್ರ ನನ್ನ ಕೈಯಿಂದಲೇ ಇಸಿದುಕೊಳ್ಳುತ್ತಿದ್ದ. ನಾನು, “ಮಾತಿಲ್ಲದಾಂವಗ ರೊಟ್ಟಿ ಹೆಂಗ ಇಳೀತಾವೋ” ಎಂದು ಗೋಡೆಗೆ ಹೇಳುತ್ತಿದ್ದೆ. ಗೋಡೆಯ ಆಚೆಯಿಂದ, “ಉಪ್ಪಿಲ್ಲ” ಎಂದು ಕೇಳಿಸುತ್ತಿತ್ತು.

ಈಗ ದೊಡ್ಡವ್ವನ ಸಂಗತಿ. ಇದನ್ನು ಆ ಫೋಟೋದ ಮುಂದೆ ಯಾರೂ ಹೇಳಲಿಲ್ಲ.

ಲಡಾಯಿ ಕಾಲದಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಸಾಹುಕಾರನ ಮಂದಿ ಒಯ್ಯುವ ಸವಾರಿ ಮೋಟಾರು ಇದ್ದಲಿಯ ಮೇಲೆ ಓಡುತ್ತಿತ್ತು. ಹಿಂದುಗಡೆ ಒಂದು ದೊಡ್ಡ ಕೊಳಗದಂಥ ಒಲೆ, ಅದರ ಹೊಗೆಯ ಬಲದಿಂದ ಗಾಡಿ ನಡೆಯಬೇಕು. ನಮ್ಮ ಓಣಿಯವರಿಗೆ ಕೂಡಲು ಹಿಂದಿನ ಹಲಗೆಯೇ. ಒಲೆಯ ಹೊಗೆಯೆಲ್ಲ ನಮ್ಮ ಮೂಗಿಗೆ. ಇದ್ದಲಿ ಮೋಟಾರಿಗೆ ಏರು ಹತ್ತುವ ತಾಕತ್ತು ಇರುತ್ತಿರಲಿಲ್ಲ. ಏರು ಬಂದರೆ ಸವಾರಿಯೆಲ್ಲ ಇಳಿಯಬೇಕು, ಗಂಡಸರು ತಳ್ಳಬೇಕು, ಹೆಂಗಸರು ಹಿಂದೆ ನಡೆದು ಬರಬೇಕು, ಮೇಲೆ ಹೋದ ಮೇಲೆ ಮತ್ತೆ ಹತ್ತಬೇಕು. ದುಡ್ಡು ಕೊಟ್ಟು ತಳ್ಳುವ ಗಾಡಿ ಎಂದು ಮಂದಿ ನಗುತ್ತಿದ್ದರು.

ದೊಡ್ಡವ್ವನಿಗೆ ಜ್ವರ ಬಿಡದೆ ಬಂದಿತ್ತು. ಕಲಬುರಗಿ ದವಾಖಾನೆಗೆ ಕರೆದೊಯ್ಯಲು ಯಾರೂ ಇರಲಿಲ್ಲ, ನಾನೇ ಹೊರಟೆ. ಹೊಗೆ ಕುಡಿದು ಕುಡಿದು ಅವಳಿಗೆ ಕೆಮ್ಮು ಹತ್ತಿತು. ದಾರಿಯಲ್ಲಿ ಒಂದು ಉದ್ದನೆಯ ಏರು. ಕಿಣ್ಣಿ ಸುಲ್ತಾನದಿಂದ ಸಂತೆಗೆ ಹೊರಟ ಕೆಲವರೂ ಗಾಡಿಯಲ್ಲಿದ್ದರು. ಎಲ್ಲರೂ ಇಳಿದೆವು. ದೊಡ್ಡವ್ವ ನನ್ನ ಹೆಗಲು ಹಿಡಿದು, ನಿಂತು, ಕೆಮ್ಮಿ, ನಡೆದು ಮೇಲೆ ಬಂದಳು. ಅಷ್ಟರಲ್ಲಿ ಎಲ್ಲರೂ ಹತ್ತಿ ಕೂತಿದ್ದರು. ಆವತ್ತು ಸಾಹುಕಾರ ತಾನೇ ಮುಂದೆ ಕೂತಿದ್ದ. ತಲೆ ಹೊರಗೆ ಹಾಕಿ, “ಏ ಮುದುಕಿ, ನಿನ್ನ ಕೆಮ್ಮಿನ ಸಪ್ಪಳ ಕೇಳಿ ತಲಿ ಚಿಟ್ಟ ಹಿಡದದ ನಂಗ. ನೀ ಹಿಂದಿನ ಗಾಡಿಗೆ ಬಾ” ಎಂದ. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಗಾಡಿ ಹೋಯಿತು.

ಒಂದು ಜಾಲಿ ಗಿಡದ ಕೆಳಗೆ ಅವಳನ್ನು ಮಲಗಿಸಿದೆ. ನೀರು ಕೇಳಿದಳು. ನಾವು ತಂದಿದ್ದ ನೀರಿನ ಕೊಡ ಗಾಡಿಯ ಮೇಲೇ ಹೋಗಿತ್ತು. ಎತ್ತಿನ ಬಂಡಿಯೊಂದು ಬರುವಷ್ಟರಲ್ಲಿ ಮುಗಿದಿತ್ತು. ಜ್ವರ ಇದ್ದವಳು, ಹೇಗೂ ಸಾಯುವವಳೇ ಇದ್ದಳೋ ಏನೋ, ಅದನ್ನು ನಾನು ಹೇಳಲಾರೆ. ಆದರೆ ಅಲ್ಲಿ ಸಾಯಬೇಕಾಗಿರಲಿಲ್ಲ.

ಲಡಾಯಿ ಮುಗಿದು ಅವನು ಬಂದಾಗ ನಾನೇ ಹೇಳಿದೆ. ಅಳಲಿಲ್ಲ. “ಅಂವ ಏನಂದ? ಅಂದಂಗ ಅನ್ನು” ಎಂದ. ಹೇಳಿದೆ. ಇನ್ನೊಮ್ಮೆ ಹೇಳಿಸಿದ.

“ನೀರು ಕುಡದಳಾ?”

“ಇರಲಿಲ್ಲಣ್ಣ.”

ಅಷ್ಟೇ. ನನ್ನ ಗಂಡ, “ನಡಿ, ನಾಕು ಮಂದಿ ಕೂಡಿ ಹೋಗಿ ಅವನ ಕಾಲು ಮುರಿಯೂಣು” ಎಂದ. ಇವನು ಬೇಡ ಅಂದ. “ಹೊಡದ್ರ ಅಂವ ಹೊಡತಾ ನೆನಪಿಟ್ಕೋತಾನ, ನಮ್ಮವ್ವನ್ನ ಅಲ್ಲ. ಅಂವ ತನ್ನ ಬಾಯಿಲೆ ಹೇಳಬೇಕು. ಮೋಟಾರ್ ಸ್ಟ್ಯಾಂಡಿನ್ಯಾಗ, ಮಂದಿ ಮುಂದ. ‘ಕೆಮ್ಮಿದ್ಳು ಅಂತ ಬಿಟ್ಟು ಬಂದೆ’ ಅಂತ. ಅಲ್ಲಿತನಾ ನಾ ಎಲ್ಲಿಗೂ ಹೋಗಂಗಿಲ್ಲ.” ಹೈದರಾಬಾದಿನಲ್ಲಿ ಕೆಲಸ ಕೊಡುತ್ತೇವೆಂದು ಕರೆದಿದ್ದರು. ಹೋಗಲಿಲ್ಲ. ಆಳಂದದಲ್ಲಿ ಗಿರಣಿಯ ಎಂಜಿನ್, ಆಗೀಗ ಬರುವ ಮೋಟಾರಿನ ರೇಡಿಯೋ ರಿಪೇರಿ ಮಾಡಿಕೊಂಡು ಕೂತ. ಏನು ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು. ನಾನೂ ಕಾಯುತ್ತಿದ್ದೆ.

ಸಾಹುಕಾರ ಮಗಳನ್ನು ಅತನೂರಿಗೆ ಕೊಟ್ಟ. ದೊಡ್ಡ ಮನೆತನ. ಅದೇ ಹೊತ್ತಿಗೆ ಹೊಸ ಕಾರು ತಂದಿದ್ದ, ಅದರಲ್ಲಿ ರೇಡಿಯೋ. ಬೀಗರಿಗೆ, “ನಿಮ್ಮನ್ನ ಹಾಡು ಕೇಳಿಸ್ಕೋತ ಅತನೂರ ಮುಟ್ಟಸ್ತೇನಿ” ಎಂದು ಹೇಳಿ ಕಳಿಸಿದ್ದ. ಕಾರು ನಿಂತಾಗ ರೇಡಿಯೋ ಚಲೋ ಹಾಡುತ್ತಿತ್ತು. ಎಂಜಿನ್ ಚಾಲೂ ಆಯಿತೋ, ಬಾಣಲೆಯಲ್ಲಿ ಹಸಿ ಮೆಣಸಿನಕಾಯಿ ಬಿದ್ದ ಹಾಗೆ ಚರಚರ. ಸೋಲಾಪುರದ ಮಿಸ್ತ್ರಿ ಬಂದು ರೇಡಿಯೋ ಬಿಚ್ಚಿ ಕಟ್ಟಿ ಹೋದ. ಚರಚರ ಹೋಗಲಿಲ್ಲ. ಕಲಬುರಗಿಯವನು ಬಂದ. ಆಗ ಯಾರೋ ಇವನ ಹೆಸರು ಹೇಳಿದರು. ಸಾಹುಕಾರ ಡ್ರೈವರನನ್ನು ಕಳಿಸಿದ. ಇವನು ಹೋಗಲಿಲ್ಲ. ಬೀಗರು ಬರುವ ದಿನ ಹತ್ತಿರ ಬಂತು. ಸಾಹುಕಾರ ತಾನೇ ನಮ್ಮ ಓಣಿಯ ಬಾಯಿಗೆ ಬಂದು, ಮೂಗಿಗೆ ವಸ್ತ್ರ ಹಿಡಿದು ನಿಂತ. ಇವನ ತಾಯಿ ಯಾರೆಂದು ಅವನಿಗೆ ತಿಳಿದಿರಲಿಲ್ಲ.

“ಏನಪ, ಭಾಳ ಮಿಜಾಸ ಅದಲ್ಲ ನಿನಗ. ಎಷ್ಟು ಬೇಕು ಹೇಳು.”

“ಏನೂ ಬ್ಯಾಡ್ರಿ. ಕೆಲಸ ಮುಗಿದ ದಿನ ಸ್ಟ್ಯಾಂಡಿನ್ಯಾಗ ನಿಮಗ ಒಂದು ಮಾತು ಕೇಳ್ತೇನಿ. ಖರೇ ಹೇಳಬೇಕು.”

ಸಾಹುಕಾರ ನಕ್ಕ. “ಒಂದ್ಯಾಕ, ಹತ್ತು ಕೇಳು.”

ನಾನು ಬಾಗಿಲ ಹಿಂದೆ ನಿಂತು ಕೇಳಿದೆ. 

ಅವನು ಆ ಕಾರಿಗೆ ಮಾಡಿದಂಥ ಕೆಲಸ ಮತ್ತೆ ಯಾವ ಗಾಡಿಗೂ ಮಾಡಲಿಲ್ಲ. ಹಗೆಯವನ ಕೆಲಸವೆಂದು ಕೈ ಬಿಗಿ ಹಿಡಿದು ಮಾಡಲಿಲ್ಲ. ನಾನು ರೊಟ್ಟಿ ಒಯ್ದಾಗಲೆಲ್ಲ ನೋಡುತ್ತಿದ್ದೆ. ಪ್ಲಗ್ಗಿನ ಸಪ್ಪಳ ಹೋಯಿತು, ಡೈನಮೋದ್ದು ಹೋಯಿತು. ನಿಂತ ಕಾರಿನಲ್ಲಿ ಎಂಜಿನ್ ಎಷ್ಟು ಜೋರು ಮಾಡಿದರೂ ಹಾಡು ಕೊಳದ ನೀರಿನಂತೆ ತಿಳಿಯಾಗಿತ್ತು. ಆದರೆ ಕಾರು ಓಡುವಾಗ ಇನ್ನೂ ಏನೋ ಕರಕರ. ಡ್ರೈವರನನ್ನು ಕೂಡಿಸಿಕೊಂಡು ಜೇವರ್ಗಿಯ ತನಕ ಹೋಗಿ ಬಂದ. ಇಳುಕಲು ಬಂದಲ್ಲಿ ಎಂಜಿನ್ ಬಂದ್ ಮಾಡಿಸಿ ಕಾರನ್ನು ಹಾಗೇ ಉರುಳಬಿಟ್ಟನಂತೆ. ಎಂಜಿನ್ ಸತ್ತರೂ ಕರಕರ ಸಾಯಲಿಲ್ಲ. ಬ್ರೇಕ್ ಒತ್ತಿಸಿದರೆ ನಿಂತಿತು. “ಗಾಲಿ” ಎಂದನಂತೆ. ಒಣ ರಸ್ತೆಯ ಮೇಲೆ ಉರುಳುವ ಗಾಲಿಯೂ ಕಿಡಿಯಂಥದ್ದನ್ನು ಕೂಡಿಟ್ಟುಕೊಳ್ಳುತ್ತದಂತೆ, ದಾರಿ ಸಿಗದೆ ಚಟಗುಟ್ಟುತ್ತದಂತೆ. ಮುಂದಿನ ಗಾಲಿಗಳ ಟೊಪ್ಪಿ ತೆಗೆದು, ಒಳಗೆ ಒಂದೊಂದು ಸ್ಪ್ರಿಂಗ್ ಕೂಡಿಸಿದ, ಅದಕ್ಕೆ ದಾರಿ ಮಾಡಿಕೊಟ್ಟ. ಕರಕರ ಹೋಯಿತು. ಡ್ರೈವರ್ ಮುಸಲ್ಮಾನರವನು, ಮಾತಿನಲ್ಲಿ ಚುರುಕು. “ಇಂವ ಗಾಲೀನೂ ಗಪ್ ಕೂಡಿಸಿದನಲ್ಲ, ನನ್ನ ಹೆಂಡ್ತಿಗೂ ಒಂದು ಸ್ಪ್ರಿಂಗ್ ಕೇಳಬೇಕು” ಎಂದು ಊರ ತುಂಬ ಹೇಳಿಕೊಂಡು ತಿರುಗಿದ.

ಬೀಗರು ಹೊರಡುವ ದಿನ ಸಂಜೆ ಕಾರನ್ನು ಮೋಟಾರ್ ಸ್ಟ್ಯಾಂಡಿಗೆ ತಂದು ನಿಲ್ಲಿಸಿದರು, ಊರು ನೋಡಲಿ ಎಂದು. ಹಿಂದೆ ಬೀಗರ ಸಾಮಾನಿನ ಎರಡು ಬಂಡಿ. ಕಾರಿನ ಹಿಂದಿನ ಸೀಟಿನಲ್ಲಿ ಬೀಗರ ಮುದಿ ತಾಯಿಯನ್ನು ಮೊದಲೇ ಕೂಡಿಸಿದ್ದರು. ಅವಳ ಮಗ, ಅಂದರೆ ಬೀಗ, ಹೊರಗೆ ನಿಂತಿದ್ದ; ಸಾಹುಕಾರನ ಮಗಳೂ ಅಳಿಯನೂ ಪಕ್ಕದಲ್ಲಿದ್ದರು. ಎಂಜಿನ್ ಚಾಲೂ ಇತ್ತು, ಹಾಡು ಬರುತ್ತಿತ್ತು, ಒಂದು ಎಳೆಯೂ ಕಡಿಯುತ್ತಿರಲಿಲ್ಲ. ಮಂದಿ ಬಾಯಿ ತೆರೆದು ನಿಂತಿದ್ದರು. ಸಾಹುಕಾರನ ಮುಖ ತುಪ್ಪ ಸವರಿದಂತೆ ಇತ್ತು. “ಭಲೇ ಮಿಸ್ತ್ರಿ. ಕೇಳಪ, ಏನೋ ಕೇಳ್ತೇನಿ ಅಂದಿದ್ದೆಲ್ಲ” ಎಂದು ತಾನೇ ಕರೆದ.

ಇವನು ಬಾನೆಟ್ ಎತ್ತಿ ನಿಲ್ಲಿಸಿದ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು.

“ಲಡಾಯಿ ಕಾಲದಾಗ ನಿಮ್ಮ ಇದ್ದಲಿ ಮೋಟಾರಿಂದ ಒಬ್ಬ ಮುದುಕಿ ಏರಿನ್ಯಾಗ ಇಳದಿದ್ಳು. ಆಕಿನ್ನ ಮತ್ತ ಹತ್ತಿಸಿಕೊಳ್ಳಲಿಲ್ಲ ನೀವು. ಯಾಕ ಬಿಟ್ರಿ?”

“ಯಾವ ಮುದುಕಿ? ದಿನಾ ನೂರು ಮಂದಿ ಹತ್ತತಾರ, ನೂರು ಮಂದಿ ಇಳೀತಾರ.”

ಇವನು ಬಗ್ಗಿ ಡೈನಮೋದ ಡಬ್ಬಿಯ ತಂತಿ ಬಿಚ್ಚಿದ. ಹಾಡಿನ ಕೆಳಗೆ ಕುಂಯ್ ಎಂದು ಶುರುವಾಯಿತು.

“ನೆನಪು ಮಾಡ್ಕೋರಿ.”

“ಏ, ಬೀಗರ ಮುಂದ ಏನ ಹಚ್ಚೀಲೇ ಇದು. ಯಾರ ಹೇಳ್ಯಾರ ನಿನಗ?”

“ನಾ ಹೇಳೀನ್ರಿ” ಎಂದೆ. ನಾನು ಮಂದಿಯ ನಡುವಿನಿಂದ ಮುಂದೆ ಬಂದಿದ್ದೆ. ಸೆರಗು ಹೆಗಲಿನಿಂದ ಜಾರಿತ್ತು, ಸರಿ ಮಾಡಿಕೊಳ್ಳಲಿಲ್ಲ.

“ನೀ ಯಾರ ಬೇ?”

“ಆಕಿ ಜೋಡಿ ಉಳದಾಕಿ. ನಮ್ಮ ನೀರಿನ ಕೊಡಾನೂ ಒಯ್ದ್ರಿ ನೀವು.”

ಇವನು ಡ್ರೈವರನಿಗೆ ಕಣ್ಣು ಮಾಡಿದ. ಡ್ರೈವರ್ ಎಂಜಿನ್ ನಿಲ್ಲಿಸಿದ. ಮಾಲಕನ ಕಡೆ ನೋಡಲೇ ಇಲ್ಲ ಅವನು. ಇವನು ಪ್ಲಗ್ಗಿನ ಕರಿ ಗುಂಡಿಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡು, ವೈರು ಮೊದಲಿನಂತೆ ಸಿಕ್ಕಿಸಿದ. “ಚಾಲೂ ಮಾಡು” ಎಂದ. ಚಾಲೂ ಆಯಿತು. ಹಾಡು ಸತ್ತು ಹೋಯಿತು. ಚರಚರ, ಟಕಟಕ, ಕುಂಯ್, ಎಲ್ಲ ಒಟ್ಟಿಗೆ. ಎತ್ತುಗಳು ಬೆದರಿ ಬಂಡಿ ಎಳೆದವು. ಬೀಗ ಕಿವಿ ಮುಚ್ಚಿಕೊಂಡ.

“ಆಕಿ ನಮ್ಮವ್ವ ರೀ. ಯಾಕ ಬಿಟ್ರಿ?”

ಸಾಹುಕಾರ ಬೀಗನನ್ನು ನೋಡಿದ, ಮಂದಿಯನ್ನು ನೋಡಿದ. ಆ ಸಪ್ಪಳದಲ್ಲಿ ಮೆಲ್ಲಗೆ ಹೇಳಿದರೆ ಯಾರಿಗೂ ಕೇಳುವಂತಿರಲಿಲ್ಲ. ಒದರಲೇಬೇಕಾಯಿತು. ಒದರಿದ: “ಕೆಮ್ಮತಿದ್ಳಪಾ ಆಕಿ. ಕೆಮ್ಮಿ ಕೆಮ್ಮಿ ತಲಿ ತಿಂದಿದ್ಳು. ಬಿಟ್ಟು ಬಂದೆ. ಆತಿಲ್ಲ? ಆಕಿ ಸಾಯ್ತಾಳ ಅಂತ ನನಗೇನು ಕನಸು ಬಿದ್ದಿತ್ತೇನು? ಈಗರೆ ಹಾಕು ನಿನ್ನ ಸಾಮಾನು.”

ಸ್ಟ್ಯಾಂಡೆಲ್ಲ ಕೇಳಿತು. ಇವನು ಡ್ರೈವರನಿಗೆ ಎಂಜಿನ್, ರೇಡಿಯೋ ಎರಡೂ ನಿಲ್ಲಿಸಲು ಹೇಳಿದ. ಒಮ್ಮೆಲೇ ಗಪ್ಪಾಯಿತು. ಆ ಗಪ್ಪಿನಲ್ಲಿ ಕಾರಿನ ಹಿಂದಿನ ಬಾಗಿಲು ತೆರೆಯಿತು.

ಅತನೂರಿನ ಮುದುಕಿ ಒಂದು ಕಾಲು ಕೆಳಗೆ ಇಟ್ಟು ಮಗನನ್ನು ಕರೆದಳು. “ಯಪ್ಪಾ, ನಮ್ಮ ಊರ ದಾರಿಗೆ ಏರು ಎಲ್ಲೆರ ಅದಾವೇನು?”

“ಯಾಕಬೇ ಯವ್ವಾ, ಅದಾವ.”

“ಹಂಗಾದ್ರ ನನ್ನ ಬಂಡ್ಯಾಗ ಕೂಡಸು. ನಂಗೂ ಕೆಮ್ಮದ.”

ಸಾಹುಕಾರ ಕೈ ಮುಗಿದ. “ಅವ್ವಾರ, ನೀವು ಹಂಗ ಅನಬ್ಯಾಡ್ರಿ, ನೀವು ಬ್ಯಾರೆ, ಆಕಿ ಬ್ಯಾರೆ.”

“ಕೆಮ್ಮು ಒಂದೇ ಅಲ್ಲೇನಪ” ಎಂದಳು. ಮಗನ ಕೈ ಹಿಡಿದು ಬಂಡಿಗೆ ನಡೆದಳು. ದಾರಿಯಲ್ಲಿ ನನ್ನ ಮುಂದೆ ನಿಂತು, ನನ್ನ ಸೆರಗನ್ನು ಎಳೆದು ಹೆಗಲ ಮೇಲೆ ಹಾಕಿ ಹೋದಳು. ಮಗ ಬಂಡಿ ಹತ್ತಿದ. ಉಳಿದ ಬೀಗರೂ ಹತ್ತಿದರು. ಸಾಹುಕಾರನ ಮಗಳು ಗಂಡನ ಹಿಂದೆ ಹೋಗಿ ಸಾಮಾನಿನ ಗಂಟುಗಳ ನಡುವೆ ಕೂತಳು. ತಂದೆಯ ಕಡೆ ನೋಡಲಿಲ್ಲ.

ಇವನು ಅಷ್ಟು ಹೊತ್ತೂ ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಟೊಪ್ಪಿ ಬಿಚ್ಚುತ್ತಿದ್ದ. ಸ್ಪ್ರಿಂಗ್ ತೆಗೆದು ಅಂಗಿಗೆ ಒರೆಸಿ ಜೇಬಿಗೆ ಹಾಕಿದ. ಇನ್ನೊಂದು ಗಾಲಿಗೆ ಹೋದ.

“ಹೇಳಿದ್ನೆಲ್ಲಪಾ, ಇನ್ನ್ಯಾಕ ಬಿಚ್ಚಾಕತ್ತೀ” ಎಂದ ಸಾಹುಕಾರ. ಅವನ ದನಿ ಇಳಿದಿತ್ತು.

“ಮಾತು ನಮ್ಮವ್ವಂದಿತ್ತು, ಕೊಟ್ರಿ. ಸಾಮಾನು ನಂದು, ತೊಗೊಂಡೆ. ಗಾಲಿ ಸಪ್ಪಳ ನಿಂತಾಗ ಕೇಳಂಗಿಲ್ಲ ರೀ. ನೀವು ಹೊಂಟಾಗ ಕೇಳ್ತದ.”

ಆ ಕಾರು ಆಮೇಲೂ ಊರಲ್ಲಿ ಓಡಿತು, ರೇಡಿಯೋ ಹಚ್ಚದೆ. ಯಾರೂ ಅದನ್ನು ಮತ್ತೆ ಸರಿ ಮಾಡಿಸಲಿಲ್ಲ. ಮೊಮ್ಮಗ ಈಗ ಅದನ್ನೇ ಮನೆತನದ ಕೀರ್ತಿ ಎನ್ನುತ್ತಾನೆ. ಅನ್ನಲಿ, ಇದನ್ನೂ ಓದಲಿ.

ಮರುವಾರ ಅವನು ಹೈದರಾಬಾದಿಗೆ ಹೊರಟ. ನಾನು ರೊಟ್ಟಿ ಕಟ್ಟಿಕೊಟ್ಟೆ. ಮನಸ್ಸು ಹಗುರಾಯಿತೇನಣ್ಣ ಎಂದು ಕೇಳಿದೆ. ಇಲ್ಲ ಎಂದ. ಅವನ ಲೆಕ್ಕ ಅವನಿಗೆ. ನಾನು ಅವತ್ತು ಸ್ಟ್ಯಾಂಡಿನಿಂದ ಮನೆಗೆ ಬಂದು, ಕೈಕಾಲು ತೊಳೆದು, ಹೊಟ್ಟೆ ತುಂಬ ಉಂಡು ಮಲಗಿದ್ದೆ. ಆ ಜಾಲಿ ಗಿಡದ ಕೆಳಗೆ ಕೂತೆದ್ದ ಮೇಲೆ ಮೊದಲ ಸಲ ನನಗೆ ಗಾಢ ನಿದ್ದೆ ಬಂದಿತ್ತು.